ಉಗುರಗಲದ ಚೌಕದಲ್ಲಿ ಎರಡು ಮುಖ

ಶಿರಸಿ, ೧೨ ಜುಲೈ ೨೦೨೫, ಶನಿವಾರ

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯ ಬಗ್ಗೆ ಹೊಸದಾಗಿ ಆರಂಭವಾಗಲಿರುವ ಪಾಡ್‌ಕಾಸ್ಟ್ ಒಂದರ ಮುಖಚಿತ್ರಕ್ಕಾಗಿ ಇಂದು ಇಬ್ಬರ ಭಾವಚಿತ್ರ ತೆಗೆದು ಬಂದೆ. ಒಬ್ಬರು ನಿವೃತ್ತ ಕನ್ನಡ ಮಾಸ್ತರು, ಸುತ್ತಲಿನ ಊರುಗಳಲ್ಲಿ ಅರ್ಥಧಾರಿಯೆಂದು, ಅಂದರೆ ಕೂಟದಲ್ಲಿ ಪಾತ್ರವಾಗಿ ಮಾತನಾಡುವವರೆಂದು, ಹೆಸರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ನಾನು ತಂಗಿ ಎನ್ನುವವಳು. ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತ, ಧ್ವನಿಮುದ್ರಣ ಮತ್ತು ಸಂಕಲನವನ್ನು ತಾನಾಗಿಯೇ ಕಲಿತುಕೊಂಡವಳು. ಮೇಳಗಳ ತಿರುಗಾಟ ನಿಂತು ಬಯಲಾಟಕ್ಕೆ ಮಳೆ ಅವಕಾಶ ಕೊಡದ ಈ ತಿಂಗಳುಗಳಲ್ಲಿ ತಾಳಮದ್ದಲೆಯ ಕೂಟಗಳು ನಡೆಯುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ, ಮೊದಲ ಕಂತು ಆಷಾಢ ಮುಗಿಯುವುದರೊಳಗೆ ಹೊರಬರಬೇಕೆಂಬುದು ಇಬ್ಬರ ಹಟ. ಹಾಗಾಗಿ ವರ್ಷದಲ್ಲೇ ಬೆಳಕು ಅತಿ ಕಡಿಮೆಯಿರುವ ಕಾಲದಲ್ಲಿ ಈ ಕೆಲಸ ಒದಗಿತು.

ಯೋಜನೆಯನ್ನು ನಾನು ಅಳತೆಯಿಂದ ಆರಂಭಿಸಿದ್ದೆ. ಆಪಲ್ ಪಾಡ್‌ಕಾಸ್ಟ್ಸ್ ಕೇಳುವ ಮುಖಚಿತ್ರ ಚೌಕಾಕಾರದ್ದು. ಕನಿಷ್ಠ ೧೪೦೦ × ೧೪೦೦, ಗರಿಷ್ಠ ೩೦೦೦ × ೩೦೦೦ ಪಿಕ್ಸೆಲ್, ಜೆಪೆಗ್ ಅಥವಾ ಪಿಎನ್‌ಜಿ ಕಡತ, ಆರ್‌ಜಿಬಿ ಬಣ್ಣ. ಸ್ಪಾಟಿಫೈಗೆ ಬೇಕಾಗುವುದೂ ಚೌಕವೇ. ೩೦೦೦ ಪಿಕ್ಸೆಲ್ ಎಂದೊಡನೆ ವಿಶಾಲವಾದ ಚಿತ್ರಪಟವೊಂದು ಕಣ್ಣ ಮುಂದೆ ಬರುತ್ತದೆಯಾದರೂ, ಕೇಳುಗರು ಅದನ್ನು ಕಾಣುವುದು ಫೋನಿನ ಪಟ್ಟಿಯಲ್ಲಿ, ಹೆಬ್ಬೆರಳ ಉಗುರಿನಷ್ಟಗಲದ ಚೌಕದಲ್ಲಿ, ಅದೂ ಅಂಥವೇ ಹತ್ತಾರು ಚೌಕಗಳು ಬೆರಳಿನಡಿ ಮೇಲಕ್ಕೆ ಸರಿದುಹೋಗುತ್ತಿರುವಾಗ. ಆ ಗಾತ್ರದಲ್ಲಿ ಉಳಿಯದ ಯಾವುದಕ್ಕೂ ದೊಡ್ಡ ಚಿತ್ರದಲ್ಲಿಯೂ ಜಾಗವಿಲ್ಲ ಎಂಬ ಒಂದೇ ನಿಯಮವನ್ನು ಹಿಡಿದು, ಎಷ್ಟು ಮುಖ, ಯಾವ ಬಟ್ಟೆ, ಎಂಥ ಹಿನ್ನೆಲೆ, ಬೆಳಕು ಯಾವ ಮಗ್ಗುಲಿನಿಂದ ಎಂಬ ಉಳಿದೆಲ್ಲವನ್ನೂ ಅದರ ಮೇಲೆ ಲೆಕ್ಕ ಹಾಕಿದೆ.

ಮನೆಯವರ ಪಟ್ಟಿ ಬೇರೆಯೇ ಇತ್ತು. ಅಡಿಕೆ ತೋಟ ಬೇಕು, ಮದ್ದಲೆ ಬೇಕು, ಮೈಕ್ ಬೇಕು, ಜಿಲ್ಲೆಯ ಗುರುತಿಗೆ ಯಾಣವೂ ಇದ್ದರೆ ಚೆನ್ನ ಎಂದರು. ಯಾಣದ ಭೈರವೇಶ್ವರ ಶಿಖರ ೧೨೦ ಮೀಟರ್ ಎತ್ತರದ್ದು. ಉಗುರಗಲದ ಚೌಕದಲ್ಲಿ ಅದು ಮಸಿಯ ಕಲೆ. ಮೈಕ್ ಮತ್ತು ಹೆಡ್‌ಫೋನುಗಳ ಚಿತ್ರವಂತೂ ಬಳಸಿ ಬಳಸಿ ಸವೆದುಹೋಗಿದೆ. ಇದೊಂದು ಪಾಡ್‌ಕಾಸ್ಟ್ ಎಂಬ, ಕೇಳುಗನಿಗೆ ಮೊದಲೇ ತಿಳಿದಿರುವ ಸಂಗತಿಗಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ವೇಷದ ಮಾತೂ ಬಂತು. ಕೇದಗೆ ಮುಂದಲೆಯೆಂಬ ಯಕ್ಷಗಾನದ ತಲೆಯುಡುಗೆ ಕಟ್ಟಿ ಬಣ್ಣ ಹಚ್ಚಿದ ಮುಖ ಎಂಥ ಸಣ್ಣ ಚೌಕದಲ್ಲಿಯೂ ಎದ್ದು ಕಾಣುತ್ತದೆ, ನಿಜ. ಆದರೆ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯಕ್ಕೆ ಮಾತಿನಿಂದಲೇ ಅರ್ಥ ಕಟ್ಟುವುದು ತಾಳಮದ್ದಲೆಯ ಸ್ವರೂಪವಾಗಿರುವಾಗ, ಹೊರಗೆ ಕಿರೀಟ ತೋರಿಸಿ ಒಳಗೆ ಬರೀ ಮಾತು ಕೇಳಿಸಿದರೆ ಆಟ ನೋಡಲು ಬಂದವನಿಗೆ ಮೋಸ, ಮಾತು ಕೇಳಲು ಬರಬೇಕಾದವನಿಗೆ ಅಡ್ಡಿ. ಈ ಒಂದು ವಿಷಯದಲ್ಲಿ ಮಾಸ್ತರಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಕಷ್ಟವಿದ್ದದ್ದು ಎರಡು ಮುಖಗಳನ್ನು ಒಂದು ಚೌಕದಲ್ಲಿ ಹಿಡಿಸುವುದರಲ್ಲಿ. ಅಕ್ಕಪಕ್ಕ ನಿಲ್ಲಿಸಿದರೆ ಅಗಲವೆಲ್ಲ ಇಬ್ಬರಿಗೆ ಹಂಚಿಹೋಗಿ ಮುಖಗಳು ಕಿರಿದಾಗುತ್ತವೆ, ಮೇಲೂ ಕೆಳಗೂ ಜಾಗ ಸುಮ್ಮನೆ ಪೋಲಾಗುತ್ತದೆ, ಮೇಲಾಗಿ ಮದುವೆ ಮನೆಯ ಫೋಟೊದ ಬಿಗುವು ಬಂದುಬಿಡುತ್ತದೆ. ಆದ್ದರಿಂದ ಮಾಸ್ತರನ್ನು ಮುಂದೆ ಕುರ್ಚಿಯಲ್ಲಿ ತುಸು ಓರೆಯಾಗಿ ಕೂರಿಸಿ, ತಂಗಿಯನ್ನು ಅವರ ಹೆಗಲ ಹಿಂದೆ, ಅವಳ ಗಲ್ಲ ಅವರ ಹಣೆಗಿಂತ ಸ್ವಲ್ಪ ಕೆಳಗೆ ಬರುವಂತೆ ನಿಲ್ಲಿಸಿದೆ. ಎಡಗಡೆ ಕೆಳಗೊಂದು, ಬಲಗಡೆ ಮೇಲೊಂದು ಮುಖ ಕೂತು, ಎಡ ಮೇಲ್ಭಾಗ ಶೀರ್ಷಿಕೆಗೆ ಖಾಲಿ ಉಳಿಯಿತು.

ಲೆನ್ಸ್ ೮೫ ಎಂಎಂ, ಕ್ಯಾಮೆರಾ ೨೪ ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್, ನಾನು ನಿಂತದ್ದು ೨.೨ ಮೀಟರ್ ದೂರದಲ್ಲಿ. ಮುಖದ ಅಂಗಗಳ ಪ್ರಮಾಣವನ್ನು ತೀರ್ಮಾನಿಸುವುದು ದೂರವೇ. ಫೋನಿನ ಅಗಲ ಲೆನ್ಸಿನಲ್ಲಿ ಮುಖ ತುಂಬಿಸಬೇಕೆಂದರೆ ತೀರ ಹತ್ತಿರ ಹೋಗಬೇಕಾಗುವುದರಿಂದ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಒಬ್ಬರ ಹಿಂದೆ ಒಬ್ಬರಿರುವಾಗ ಈ ದೋಷ ಇನ್ನೂ ಹೆಚ್ಚುತ್ತದೆ. ಮುಂದಿನವರ ತಲೆ ಹಿಂದಿನವರ ತಲೆಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ಇಬ್ಬರ ಕಣ್ಣೂ ಸ್ಪಷ್ಟವಾಗಿರಬೇಕಾದ್ದರಿಂದ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಕಿರಿದುಮಾಡಿ ಎಫ್ ೮ಕ್ಕೆ ಇಟ್ಟೆ. ಈ ಲೆನ್ಸಿಗೆ, ಇಷ್ಟು ದೂರದಲ್ಲಿ, ಸುಮಾರು ೩೦ ಸೆಂಟಿಮೀಟರ್ ಆಳದಷ್ಟು ಸ್ಪಷ್ಟತೆ ಸಿಗುತ್ತದೆ. ಹೆಗಲ ಹಿಂದಿನ ಮುಖಕ್ಕೆ ಅದು ಸಾಕು. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕೆಂದು ಕಿಂಡಿಯನ್ನು ಅಗಲವಾಗಿ ತೆರೆದು ಎಫ್ ೧.೮ ಇಡುವವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಇಬ್ಬರಿರುವ ಚಿತ್ರದಲ್ಲಿ ಅದರ ಬೆಲೆಯನ್ನು ಹಿಂದೆ ನಿಂತವರು ತೆರಬೇಕಾಗುತ್ತದೆ.

ಬೆಳಕಿನ ವಿಷಯಕ್ಕೆ ಹೆಚ್ಚು ಹೊತ್ತು ಹೋಯಿತು. ಅವರ ಮನೆಯ ಜಗುಲಿ ಉದ್ದವಾದದ್ದು. ಮಳೆಯ ಇರಚಲು ಒಳಗೆ ಬಾರದಂತೆ ಒಂದು ಮಗ್ಗುಲಿಗೆ ಸೋಗೆಯ ತಟ್ಟಿ ಕಟ್ಟಿದ್ದಾರೆ, ಇನ್ನೊಂದು ಮಗ್ಗುಲು ಅಂಗಳಕ್ಕೂ ಅದರಾಚೆಯ ತೋಟಕ್ಕೂ ತೆರೆದಿದೆ. ಮೋಡ ಕವಿದ ಆಕಾಶದಿಂದ ಬರುವ ಬೆಳಕು ಮೃದುವಾದದ್ದು, ಮುಖಕ್ಕೆ ಹಿತವಾದದ್ದು. ಆದರೆ ಎಫ್ ೮ರಲ್ಲಿ, ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯಾದ ಐಎಸ್ಒವನ್ನು ೧೬೦೦ಕ್ಕೆ ಏರಿಸಿದರೂ ಷಟರ್ ಸೆಕೆಂಡಿನ ೧೫ನೇ ಒಂದು ಭಾಗಕ್ಕಿಂತ ವೇಗವಾಗಿ ಹೋಗುವಂತಿರಲಿಲ್ಲ. ಮಾತನಾಡುವ ಮುಖ ಅಷ್ಟು ಹೊತ್ತಿನಲ್ಲಿ ಖಂಡಿತ ಅಲುಗುತ್ತದೆ. ಹೀಗಾಗಿ ಮುಖ್ಯ ಬೆಳಕಿಗೆ ಬ್ಯಾಟರಿಯ ಫ್ಲ್ಯಾಶ್ ಒಂದನ್ನು ಬಿಳಿ ಕೊಡೆಯ ಮೂಲಕ ಹಾಯಿಸಿ, ಆಕಾಶದ ಬೆಳಕನ್ನು ನೆರಳಿನ ಭಾಗ ತುಂಬುವುದಕ್ಕಷ್ಟೇ ಬಿಟ್ಟೆ. ಕೊಡೆ ಬಿಚ್ಚಿದೊಡನೆ ಮಾಸ್ತರು, "ಏನೋ ತಮಾ, ನಮ್ಮ ಜಗುಲಿ ಸೋರುತ್ತದೆ ಎಂದು ಯಾರು ಹೇಳಿದರು?" ಎಂದು ಕೇಳಿ ಮನೆಯವರನ್ನೆಲ್ಲ ನಗಿಸಿದರು. ನಡುವೆ ಕರೆಂಟು ಹೋದದ್ದು ಉಪಕಾರವೇ ಆಯಿತು, ಏಕೆಂದರೆ ಆರಿಸಿ ಎಂದು ನಾನು ಸಂಕೋಚದಿಂದ ಕೇಳಬೇಕಿದ್ದ ಟ್ಯೂಬ್‌ಲೈಟ್ ತಾನಾಗಿಯೇ ಆರಿತು.

ತೋಟದ ಮನೆಗಳಲ್ಲಿ ಚಿತ್ರ ತೆಗೆಯುವವರಿಗೆಲ್ಲ ಗೊತ್ತಿರುವ ತೊಂದರೆಯೊಂದಿದೆ. ಮಳೆಗಾಲದಲ್ಲಿ ಅಡಿಕೆಯ ಸೋಗೆ, ಬಾಳೆ, ಮೆಣಸಿನ ಬಳ್ಳಿ, ಅಂಗಳದ ಪಾಚಿ ಎಲ್ಲವೂ ಹಸಿರಾಗಿರುವುದರಿಂದ ಅವುಗಳಿಗೆ ತಾಗಿ ಬರುವ ಬೆಳಕೂ ಹಸಿರಾಗಿರುತ್ತದೆ. ಕಣ್ಣು ಅದಕ್ಕೆ ಹೊಂದಿಕೊಂಡು ಸುಮ್ಮನಾಗುತ್ತದೆ, ಕ್ಯಾಮೆರಾ ಸುಮ್ಮನಾಗುವುದಿಲ್ಲ. ಫ್ಲ್ಯಾಶ್ ಬಿದ್ದ ಕೆನ್ನೆ ಸಹಜವಾಗಿಯೂ, ತೋಟದ ಕಡೆಯ ಕೆನ್ನೆ ಕಾಯಿಲೆ ಬಿದ್ದವರಂತೆಯೂ ಕಂಡಿತು. ಬಣ್ಣದ ಸಮತೋಲ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿಯನ್ನು ಮಾಡುವುದರಿಂದ, ಒಂದು ಕೆನ್ನೆಯ ಹಸಿರು ತೆಗೆದರೆ ಇನ್ನೊಂದು ಕೆನ್ನೆ ನೇರಳೆಗೆ ತಿರುಗುತ್ತದೆ. ಇದನ್ನು ಸರಿಪಡಿಸುವ ಜಾಗ ಕಂಪ್ಯೂಟರ್ ಅಲ್ಲ, ಜಗುಲಿ. ಮೊದಲು ತೋಟದ ಕಡೆಗೆ ಕರಿ ಕಂಬಳಿ ಇಳಿಬಿಟ್ಟು ನೋಡಿದೆ. ಹಸಿರು ಹೋಯಿತು, ನೆರಳು ಚೆನ್ನಾಗಿ ಆಳವಾಯಿತು, ದೊಡ್ಡ ತೆರೆಯಲ್ಲಿ ಮಾಸ್ತರ ಮುಖ ಗಂಭೀರವಾಗಿ ಮೂಡಿತು. ಆದರೆ ಚಿತ್ರವನ್ನು ಉಗುರಗಲಕ್ಕೆ ಇಳಿಸಿದಾಗ ಅರ್ಧ ಮುಖವೇ ಇರಲಿಲ್ಲ. ಕಂಬಳಿ ತೆಗೆದು ಅದೇ ಹಗ್ಗಕ್ಕೆ ಮಡಿಕೆ ಬಿಚ್ಚಿದ ಬಿಳಿ ಪಂಚೆ ಹಾಕಿದೆ. ಪಂಚೆ ತೋಟವನ್ನು ಮರೆಮಾಡಿತು, ಜೊತೆಗೆ ಫ್ಲ್ಯಾಶಿನದೇ ಬೆಳಕನ್ನು ಆ ಕೆನ್ನೆಗೆ ಮರಳಿಸಿತು; ಎರಡೂ ಕಡೆ ಒಂದೇ ಬಣ್ಣ ಬಂದ ಮೇಲೆ ಬೂದು ಕಾರ್ಡ್ ಹಿಡಿಸಿ ಬಣ್ಣದ ಸಮತೋಲ ನಿಗದಿ ಮಾಡಿಕೊಂಡೆ.

ಕನ್ನಡಕ ತೆಗೆಯಿರಿ ಎಂದು ನಾನು ಹೇಳಲಿಲ್ಲ. ಮಾಸ್ತರನ್ನು ಕನ್ನಡಕವಿಲ್ಲದೆ ಕಂಡವರು ಈ ಊರಿನಲ್ಲಿ ಕಡಿಮೆ. ಬೆಳಕು ಬಿದ್ದ ಕೋನದಲ್ಲಿಯೇ ಪ್ರತಿಫಲಿಸುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಸಾಕು. ಕೊಡೆಯನ್ನು ಒಂದು ಮೊಳ ಮೇಲೆತ್ತಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಸಿದಾಗ ಗಾಜು ಕೆಳಮುಖವಾಗಿ ಬಿಳಿ ಹೊಳಪು ಎದೆಯ ಕಡೆಗೆ ಇಳಿದುಹೋಯಿತು, ಕಣ್ಣೊಳಗಿನ ಬೆಳಕಿನ ಚುಕ್ಕೆ ಮಾತ್ರ ಉಳಿಯಿತು. ಆ ಚುಕ್ಕೆ ಇಲ್ಲದ ಕಣ್ಣು ಸಣ್ಣ ಚಿತ್ರದಲ್ಲಿ ಬರೀ ಗುಳಿಯಾಗಿ ಕಾಣುತ್ತದೆ.

ಹಿನ್ನೆಲೆಗೆ ಕೆಮ್ಮಣ್ಣಿನ ಬಣ್ಣದ ಬಟ್ಟೆ. ಕೆಲವರ ಫೋನಿನ ತೆರೆ ಬಿಳಿಯದು, ಕೆಲವರದು ಕಪ್ಪು. ಬಿಳಿ ಹಿನ್ನೆಲೆಯಾದರೆ ಮೊದಲಿನದರಲ್ಲಿ, ಕಪ್ಪಾದರೆ ಎರಡನೆಯದರಲ್ಲಿ ಚೌಕದ ಅಂಚೇ ಮಾಯವಾಗುತ್ತದೆ. ಮಾಸ್ತರ ನರೆತ ತಲೆಗೂ ತಂಗಿಯ ಕಪ್ಪು ಕೂದಲಿಗೂ ಒಂದೇ ಹಿನ್ನೆಲೆ ಹೊಂದಬೇಕಾದ್ದರಿಂದಲೂ ನಡುವಿನ ಛಾಯೆಯೇ ಬೇಕಿತ್ತು. ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳಿಂದ ಹಿಡಿದು ಇಲ್ಲಿನ ಮನೆಗಳ ಗೋಡೆಯ ಬುಡದ ಪಟ್ಟಿಯವರೆಗೆ ಈ ಕೆಂಪು ನಮ್ಮ ಜಿಲ್ಲೆಯವರಿಗೆ ಪರಿಚಿತ. ಯಾಣವನ್ನು ಬಿಟ್ಟದ್ದಕ್ಕೆ ಬೇಸರಗೊಂಡಿದ್ದವರಿಗೆ ಇಷ್ಟನ್ನು ಹೇಳಿ ಸಮಾಧಾನ ಮಾಡಿದೆ. ತಂಗಿ ಉಟ್ಟಿದ್ದ ಸಣ್ಣ ಚೌಕಳಿಯ ಸೀರೆ ನೋಡಲು ಚೆನ್ನಾಗಿತ್ತು. ಆದರೆ ಅಂಥ ಒತ್ತೊತ್ತು ಗೆರೆಗಳು ಚಿತ್ರ ಕಿರಿದಾದಾಗ ಅಲೆಅಲೆಯಾಗಿ ಮಿನುಗುವುದರಿಂದ ನವಿಲುಬಣ್ಣದ, ಗೆರೆಯಿಲ್ಲದ ಸೀರೆಗೆ ಬದಲಾಯಿಸಲು ಕೇಳಿಕೊಂಡೆ. ಮಾಸ್ತರದು ಎಂದಿನ ಬಿಳಿ ಅಂಗಿ, ಶಾಲು.

ಇಷ್ಟೆಲ್ಲ ಆದ ಮೇಲೂ, ಕ್ಯಾಮೆರಾ ನೋಡಿ ಎಂದರೆ ಬರುವುದು ಆಧಾರ್ ಕಾರ್ಡಿನ ಮುಖವೇ. ಅವರಿಗೆ ಗೊತ್ತಿರುವ ಕೆಲಸವನ್ನೇ ಮಾಡಿಸುವುದು ಲೇಸೆಂದು, ವಾಲಿ ಮತ್ತು ರಾಮರ ಸಂವಾದವನ್ನು ಆಡಿರೆಂದು ಹೇಳಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಕೇಳುವ ವಾಲಿ ತಂಗಿ, ಉತ್ತರ ಕೊಡಬೇಕಾದ ರಾಮ ದೊಡ್ಡಪ್ಪ. ಕೂಟದಲ್ಲಿ ಅರ್ಥಧಾರಿಗಳು ಎದುರುಬದುರಾಗಿ ಕೂರುತ್ತಾರೆ. ಇಲ್ಲಿ ಇಬ್ಬರೂ ನನ್ನ ಕಡೆಗೇ ಮುಖ ಮಾಡಬೇಕಾಗಿತ್ತು, ಆದ್ದರಿಂದ ಪ್ರಶ್ನೆಯೂ ಉತ್ತರವೂ ಲೆನ್ಸಿಗೇ ಬಂದವು. ಮಾತನಾಡುತ್ತಿರುವಾಗ ತೆಗೆದ ಚಿತ್ರಗಳು ಹೆಚ್ಚಿನವು ಉಪಯೋಗಕ್ಕೆ ಬರುವುದಿಲ್ಲ. ಯಾವುದೋ ಅಕ್ಷರದ ಅರ್ಧದಲ್ಲಿ ಬಾಯಿ ಸೊಟ್ಟಗಿರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ. ವಾಕ್ಯ ಮುಗಿದು ತುಟಿ ಕೂಡಿದ ಮರುಕ್ಷಣ, ಅಥವಾ ಎದುರಿನವರ ಪ್ರಶ್ನೆ ನಾಟಿ ಉತ್ತರ ಇನ್ನೂ ಹೊರಡದಿರುವ ಹೊತ್ತು, ಇವೆರಡಕ್ಕೆ ಕಾಯಬೇಕು. ವಾಲಿಯ ಪ್ರಶ್ನೆ ಮುಗಿದಾಗ ಮಾಸ್ತರ ಹುಬ್ಬು ತುಸು ಗಂಟಿಕ್ಕಿ, ತುಟಿಯ ಒಂದು ಕೊನೆ ಮಾತ್ರ ಬಿಗಿಯಾಗುತ್ತದೆ; ವಾದದಲ್ಲಿ ಪಳಗಿದವನು ಎದುರಾಳಿಯ ಮಾತನ್ನು ತೂಗುವ ರೀತಿ ಅದು. ಕೂಟಗಳಲ್ಲಿ ಅವರನ್ನು ಕಂಡವರು ಈ ನೋಟವನ್ನು ಕೂಡಲೇ ಗುರುತಿಸಿಯಾರು. ಅರ್ಥಗಾರಿಕೆ ಬರೀ ಮಾತುಗಾರಿಕೆ ಎಂದುಕೊಂಡವರಿಗೆ, ಅದರಲ್ಲಿ ಕೇಳಿಸಿಕೊಳ್ಳುವ ಪಾಲು ಎಷ್ಟು ದೊಡ್ಡದು ಎಂಬುದನ್ನೂ ಇದೇ ಮುಖ ತಿಳಿಸುತ್ತದೆ ಎಂದು ನನಗನ್ನಿಸಿತು.

ಕವಳ (ಎಲೆಯಡಿಕೆ) ಹಾಕದೆ ಅರ್ಥ ಬಾರದು ಎಂದು ಮಾಸ್ತರು ನಡುವೆ ಮುಷ್ಕರ ಹೂಡಿದ್ದರಿಂದ ಕೊನೆಯ ಸುತ್ತಿನ ಚಿತ್ರಗಳಲ್ಲಿ ತುಟಿ ಕೆಂಪಾಗಿದೆ. ಆ ಕೆಂಪನ್ನೂ, ಹಣೆಯ ನೆರಿಗೆಯನ್ನೂ ಹಾಗೆಯೇ ಬಿಡುತ್ತೇನೆ. ತಂಗಿಯ ಕೆನ್ನೆಯ ಮೇಲೆ ಇಂದು ಎದ್ದ ಮೊಡವೆಯೊಂದನ್ನು ತೆಗೆಯುತ್ತೇನೆ. ವಾರದಲ್ಲಿ ಹೋಗುವಂಥದ್ದನ್ನು ತೆಗೆಯಬಹುದು, ವರ್ಷಗಳಿಂದ ಇರುವುದನ್ನು ಮುಟ್ಟಬಾರದು ಎಂಬುದು ನಾನು ಪಾಲಿಸುವ ಪದ್ಧತಿ.

ಸಂಜೆ ಆಯ್ದ ಚಿತ್ರಗಳನ್ನು ೫೫ ಪಿಕ್ಸೆಲ್ಲಿಗೆ ಇಳಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಫೋನನ್ನು ತೋಳಿನಷ್ಟು ದೂರ ಹಿಡಿದು ನೋಡಿದೆ. ಬಣ್ಣವಿಲ್ಲದೆಯೂ ಎರಡು ಮುಖಗಳು ಬೇರೆಬೇರೆಯಾಗಿ ನಿಂತರೆ ಆ ಚಿತ್ರ ಗೆದ್ದಂತೆ. ಕೆಲವದರಲ್ಲಿ ತಂಗಿಯ ಗಲ್ಲವೂ ಮಾಸ್ತರ ತಲೆಯೂ ಒಂದಕ್ಕೊಂದು ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಅವು ಎಷ್ಟೇ ಚೆನ್ನಾಗಿದ್ದರೂ ಹೊರಗಿಟ್ಟೆ. ತಂಗಿಯ ತಾಯಿಗೂ ವಾಟ್ಸಾಪಿನಲ್ಲಿ ಆ ಸಣ್ಣ ಚೌಕಗಳನ್ನೇ ಕಳಿಸಿ, ದೊಡ್ಡದು ಮಾಡದೆ ಹೇಳಿ ಎಂದು ಕೇಳಿದೆ. "ಮೂರನೆಯದರಲ್ಲಿ ಭಾವ ಯಾರಿಗೋ ಉತ್ತರ ಕೊಡುವುದಕ್ಕೆ ಹೊರಟ ಹಾಗಿದೆ" ಎಂಬ ಉತ್ತರ ಬಂತು. ನನ್ನ ಆಯ್ಕೆಯೂ ಅದೇ ಆಗಿತ್ತು.

ಉಳಿದದ್ದು ಶೀರ್ಷಿಕೆ. ಕನ್ನಡ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಸಾಲುಗಳನ್ನು ಇಂಗ್ಲಿಷಿನಷ್ಟು ಹತ್ತಿರ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಣ್ಣ ಗಾತ್ರದಲ್ಲಿ ಎರಡೂ ಕಲೆಸಿಹೋಗುತ್ತವೆ. ಆದ್ದರಿಂದ ದಪ್ಪ ಅಕ್ಷರದಲ್ಲಿ ಎರಡೇ ಪದ, ಸಾಲುಗಳ ನಡುವೆ ಧಾರಾಳ ಅಂತರ. ಅಡಿಬರಹ, ಇಬ್ಬರ ಹೆಸರು ಇತ್ಯಾದಿ ಮುಖಚಿತ್ರದಲ್ಲಿ ಬೇಡವೆಂದು ಒಪ್ಪಿಸಿದ್ದೇನೆ. ಆ್ಯಪುಗಳು ಚೌಕದ ಮೂಲೆಗಳನ್ನು ದುಂಡಗೆ ಕತ್ತರಿಸುವುದರಿಂದ ಅಕ್ಷರಗಳನ್ನು ಅಂಚಿನಿಂದ ಸಾಕಷ್ಟು ಒಳಗೆ ಸರಿಸಬೇಕು. ಮೂಲ ಚಿತ್ರ ೬೦೦೦ × ೪೦೦೦ ಪಿಕ್ಸೆಲ್ಲಿನದು. ಅದರಿಂದ ೪೦೦೦ದ ಚೌಕ ಕತ್ತರಿಸಿ ೩೦೦೦ಕ್ಕೆ ಇಳಿಸಿ, ಎಸ್‌ಆರ್‌ಜಿಬಿಯಲ್ಲಿ ಜೆಪೆಗ್ ಮಾಡುತ್ತೇನೆ. ಯೂಟ್ಯೂಬಿಗೆ ಅಡ್ಡ ಚಿತ್ರವೂ ಬೇಕಾಗುತ್ತದೆ, ಆದ್ದರಿಂದ ಎರಡೂ ಬದಿಗೆ ಕೆಂಪು ಬಟ್ಟೆ ಉಳಿಯುವಂತೆ ಅಗಲವಾಗಿ ತೆಗೆದವುಗಳನ್ನು ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಮಾಸ್ತರಿಗೆ ತಾವು ನಗುತ್ತಿರುವ ಚಿತ್ರವೇ ಇಷ್ಟ. ಅದು ಕೊಡೆ ಬಿಚ್ಚಿದಾಗ ತೆಗೆದದ್ದು, ತಂಗಿಯ ಕಣ್ಣು ಅದರಲ್ಲಿ ಪೂರ್ತಿ ಮುಚ್ಚಿದೆ. ಅದನ್ನು ಪ್ರಚಾರದ ಪೋಸ್ಟಿಗೆ ಬಳಸೋಣ ಎಂದು ಅವಳೇ ದೊಡ್ಡಪ್ಪನನ್ನು ಒಪ್ಪಿಸುವುದಾಗಿ ಹೇಳಿದ್ದಾಳೆ. ಸೋಮವಾರದೊಳಗೆ ಉತ್ತರ ಬರಬೇಕು.