ಅಡ್ಡ ಮಲಗಿದ ಸೆಂಟರ್ ಸ್ಪೀಕರ್ ಕೊನೆಗೂ ಬಾಯಿಬಿಟ್ಟಿತು

ಸೋಫಾದ ಅಂಚಿನ ಸೀಟಿನಿಂದ "ಏನಂದ ಅವನು?" ಅನ್ನುವ ಪ್ರಶ್ನೆ ಬರುವುದು ನಿಂತಿದೆ. ಟಿವಿ ಕೆಳಗೆ ಕೂತು ಸಿನಿಮಾದ ಮಾತು ಕೇಳಿಸುವ ಸೆಂಟರ್ ಸ್ಪೀಕರ್ ಕೆಲಸ ದಾರಿಗೆ ಬಂತು ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಮೈಕ್ ಇಟ್ಟು ಅಳೆದ ಗ್ರಾಫೂ ಅದನ್ನೇ ಹೇಳುತ್ತಿದೆ. ಆದರೆ ಮನೆಯವರು ಗ್ರಾಫ್ ನೋಡುವುದಿಲ್ಲವಲ್ಲ.

ಮಾಮೂಲಿ ಕೆಲಸಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪೀಕರುಗಳಿಗೆ ದನಿ ಹಂಚುವ ರಿಸೀವರಿನಲ್ಲಿ ಸೀಟಿನಿಂದ ಸ್ಪೀಕರಿನ ದೂರ ಹಾಕಿದ್ದಾಯಿತು, ಲೆವೆಲ್ ಸರಿ ಮಾಡಿದ್ದಾಯಿತು, ಅದರಲ್ಲೇ "ಸ್ಮಾಲ್" ಮಾಡಿ 80 ಹರ್ಟ್ಸ್‌ಗಿಂತ ಕೆಳಗಿನ ದನಿ ಕತ್ತರಿಸಿದ್ದಾಯಿತು. ವೈರಿನ ಪ್ಲಸ್ ಮೈನಸ್ (ಪೊಲಾರಿಟಿ) ನೋಡಿದ್ದಾಯಿತು. ಸ್ಪೀಕರಿನ ಡಬ್ಬ ಕಿವಿಯ ಮಟ್ಟಕ್ಕಿಂತ 40 ಸೆಂ.ಮೀ. ಕೆಳಗಿದೆ, ಹಾಗಾಗಿ ಮುಂದಿನ ಅಂಚಿಗೆ ರಬ್ಬರ್ ತುಂಡು ಕೊಟ್ಟು ಸುಮಾರು 8 ಡಿಗ್ರಿ ಮೇಲಕ್ಕೆ ಎತ್ತಿದ್ದೂ ಆಯಿತು. ಇಷ್ಟಾದ ಮೇಲೂ ಮಾತು ಕೊಡದೊಳಗೆ ತಲೆ ಹಾಕಿ ಆಡಿದ ಹಾಗೆ ಕೇಳುತ್ತಿತ್ತು. ಅದೂ ಅಂಚಿನ ಸೀಟಿನಲ್ಲಿ ಇನ್ನೂ ಕೆಟ್ಟದಾಗಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಸೆಂಟರ್ ಲೆವೆಲ್ 3 ಡಿಬಿ ಏರಿಸಿ. ಏರಿಸಿದೆ. ಅರ್ಥವಾಗದ ಮಾತು ಜೋರಾಗಿ ಅರ್ಥವಾಗಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಮಾಡಿದ್ದು ಬಿಟ್ಟಿ ಪರೀಕ್ಷೆ. ರಿಸೀವರಿನಲ್ಲಿ ಸೆಂಟರ್ "ಇಲ್ಲ" ಅಂತ ಹಾಕಿದೆ. ಮಾತೆಲ್ಲ ಎಡ ಬಲ ಸ್ಪೀಕರುಗಳಿಗೆ ಹಂಚಿಹೋಯಿತು. ನಡುವಿನ ಸೀಟಿನಲ್ಲಿ ಕೂತು ಕೇಳಿದರೆ ಸ್ವಚ್ಛ! ದುಡ್ಡು ಕೊಟ್ಟು ತಂದ ಸೆಂಟರ್‌ಗಿಂತ ಇಲ್ಲದ ಸೆಂಟರ್ ಚೆನ್ನಾಗಿದೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಇದರಿಂದ ಒಂದು ವಿಷಯ ಖಾತ್ರಿಯಾಯಿತು. ತಪ್ಪು ರೂಮಿನದಲ್ಲ, ಸಿನಿಮಾದ ಮಿಕ್ಸಿನದೂ ಅಲ್ಲ. ಆ ಡಬ್ಬದ್ದು, ಇಲ್ಲವೇ ಅದು ಕೂತ ಜಾಗದ್ದು.

ಹಾಗಾದರೆ ಸೆಂಟರ್ ಇಲ್ಲದೆಯೇ ಬದುಕಬಹುದಲ್ಲ ಅಂತ ಕೇಳುವವರಿದ್ದಾರೆ. ಒಬ್ಬರೇ ನೋಡುವುದಾದರೆ ಬದುಕಬಹುದು. ಅಂಚಿನ ಸೀಟಿಗೆ ಜರುಗಿದ ಕೂಡಲೇ ನಾಯಕನ ಬಾಯಿ ಹತ್ತಿರದ ಸ್ಪೀಕರಿಗೆ ಹಾರಿಬಿಡುತ್ತದೆ. ನಡುವಿನ ಸೀಟಿನಲ್ಲೂ ಒಂದು ಕಿರಿಕಿರಿ ಇದೆ. ಒಂದೇ ದನಿ ಎರಡು ಕಡೆಯಿಂದ ಬಂದಾಗ ಒಂದೊಂದು ಕಿವಿಗೂ ಅದು ಕಾಲು ಮಿಲಿಸೆಕೆಂಡ್ ಅಂತರದಲ್ಲಿ ಎರಡು ಸಲ ತಲುಪುತ್ತದೆ. ಅದರಿಂದ 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಒಂದು ಗುಂಡಿ ಬೀಳುತ್ತದೆ, ಅಂದರೆ ಅಲ್ಲಿ ದನಿ ಕುಸಿಯುತ್ತದೆ. 1933ರಲ್ಲಿ ಅಮೆರಿಕದ ಫೋನ್ ಕಂಪನಿಯ ಪ್ರಯೋಗಾಲಯ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್‌ನ ಸಭಾಂಗಣಕ್ಕೆ ಕೇಳಿಸಿದಾಗಲೇ ಮೂರು ಚಾನೆಲ್ ಬಳಸಿದ್ದರು. ನಡುವಿನದು ಸುಮ್ನೆ ಬಂದಿದ್ದಲ್ಲ.

ಸರಿ, ಮೈಕ್ ಹೊರತೆಗೆದೆ. ಆರ್‌ಇಡಬ್ಲ್ಯೂ ಅನ್ನುವ ಅಳತೆಯ ಸಾಫ್ಟ್‌ವೇರಿನಲ್ಲಿ ಸ್ವೀಪ್ (ತಗ್ಗಿನಿಂದ ಕೀರಲಿನ ತನಕ ಏರುವ ಪರೀಕ್ಷೆಯ ದನಿ) ಓಡಿಸಿದರೆ ಎರಡು ಬೇರೆ ಬೇರೆ ರೋಗ ಕಂಡವು. ನಡುವಿನ ಸೀಟಿನಲ್ಲಿ 160 ಹರ್ಟ್ಸ್ ಹತ್ತಿರ 7 ಡಿಬಿ ಗುಡ್ಡ, ಅಂದರೆ ಅಲ್ಲಿ ದನಿ ಅಷ್ಟು ಜಾಸ್ತಿ. ಅಂಚಿನ ಸೀಟಿನಲ್ಲಿ ಆ ಗುಡ್ಡದ ಜೊತೆಗೆ 1,500 ಹರ್ಟ್ಸ್‌ನಲ್ಲಿ 12 ಡಿಬಿ ಗುಂಡಿ.

ಗುಡ್ಡದ ಕಾರಣ ಸುಲಭ. ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತಳ್ಳಿದ್ದೆವು, ನೋಡಲು ಅಂದ ಅಂತ. ಸುತ್ತಲ ಖಾಲಿ ಜಾಗ ತಾನೇ ಒಂದು ಪೆಟ್ಟಿಗೆಯಾಗಿ ಮೊಳಗುತ್ತಿತ್ತು. ಮುಖ ಗೂಡಿನ ಅಂಚಿಗಿಂತ ಒಂದು ಬೆರಳು ಮುಂದೆ ಬರುವ ಹಾಗೆ ಎಳೆದು, ಪಕ್ಕದ ಮತ್ತು ಮೇಲಿನ ಸಂದಿಗಳಿಗೆ ಬಟ್ಟೆ ಸುತ್ತಿದ, ದನಿ ಹೀರುವ ರಾಕ್‌ವುಲ್ ತುರುಕಿದೆ. 7 ಇದ್ದದ್ದು 3ಕ್ಕೆ ಇಳಿಯಿತು. ಅಂದ ಹೋಯಿತು ಅನ್ನುವ ದೂರು ಬಂತು. ಗ್ರಿಲ್ ಹಾಕಿ ಮುಚ್ಚಿದೆ.

ಗುಂಡಿಯೇ ನಿಜವಾದ ತಲೆನೋವು. ನಡುವೆ ಟ್ವೀಟರ್ (ಕೀರಲು ದನಿಯದು), ಎರಡು ಕಡೆ ವೂಫರ್ (ಮಧ್ಯದ ಮತ್ತು ತಗ್ಗು ದನಿಯದು) ಇರುವ ಈ ಜೋಡಣೆಯನ್ನು ಸ್ಪೀಕರ್ ವಿನ್ಯಾಸಗಾರ ಜೋಸೆಫ್ ಡಿ'ಅಪೊಲಿಟೊ 1983ರಲ್ಲಿ ವಿವರಿಸಿದಾಗ ಅದು ನಿಂತಿರುವ ಸ್ಪೀಕರಿಗೆ. ಮೇಲೆ ಕೆಳಗೆ ಹರಡುವ ದನಿಯನ್ನು ಹದ್ದುಬಸ್ತಿನಲ್ಲಿಡುವುದು ಅದರ ಉದ್ದೇಶ. ಅದನ್ನೇ ಅಡ್ಡ ಮಲಗಿಸಿದರೆ ಆ ಹತೋಟಿ ಎಡಬಲಕ್ಕೆ ತಿರುಗುತ್ತದೆ. ಅಂದರೆ ಜನ ಕೂರುವ ದಿಕ್ಕಿಗೇ. ಟಿವಿ ಕೆಳಗೆ ಹಿಡಿಸಬೇಕು ಅಂತ ಇಡೀ ಜಗತ್ತು ಇದನ್ನು ಮಲಗಿಸಿ ಮಾರುತ್ತಿದೆ. ಕೊಳ್ಳುವವರು ಒಬ್ಬರೇ ಬಂದು ನಟ್ಟ ನಡುವೆ ನಿಂತು ಕೇಳಿ ತಲೆಯಾಡಿಸುತ್ತಾರೆ.

ಲೆಕ್ಕ ಹಾಕಿ ನೋಡಿ. ನನ್ನ ಡಬ್ಬದಲ್ಲಿ ವೂಫರುಗಳ ನಡುವಿನ ಅಂತರ 30 ಸೆಂ.ಮೀ. ಸೋಫಾ 2.7 ಮೀಟರ್ ದೂರ, ಅಂಚಿನ ಸೀಟು ನಡುವಿನಿಂದ 1.1 ಮೀಟರ್ ಪಕ್ಕಕ್ಕೆ. ಸುಮಾರು 22 ಡಿಗ್ರಿ ಕೋನ. ಅಲ್ಲಿಗೆ ಒಂದು ವೂಫರಿನ ದನಿ ಇನ್ನೊಂದಕ್ಕಿಂತ 11.2 ಸೆಂ.ಮೀ. ಜಾಸ್ತಿ ನಡೆದು ಬರಬೇಕು. ಆ ದೂರ ಅರ್ಧ ತರಂಗವಾಗುವುದು 1,500 ಹರ್ಟ್ಸ್ ಹತ್ತಿರ. ಅಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಮೈಕ್ ತೋರಿಸಿದ್ದು ಇದನ್ನೇ. ಆ ಸುತ್ತಲೇ ಇದ್ದವು ಮಾತಿನ ಅಕ್ಷರಗಳನ್ನು ಬಿಡಿಸಿ ಕೇಳಿಸುವ ಎಷ್ಟೋ ದನಿಗಳು.

ರಿಸೀವರ್ ತಾನೇ ಅಳೆದು ದನಿ ತಿದ್ದಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಇದನ್ನು ಸರಿಮಾಡುತ್ತದೆ ಅಂತ ನಂಬಬೇಡಿ. ಅಂಚಿನ ಸೀಟುಗಳಲ್ಲೂ ಮೈಕ್ ಇಟ್ಟು ಓಡಿಸಿದರೆ ಅದು ಗುಂಡಿ ತುಂಬಲು 1,500ರಲ್ಲಿ ದನಿ ಎತ್ತಿತು. ಹೊಡೆದಾಡುವ ಇಬ್ಬರಿಗೂ ಸಮನಾಗಿ ಬಲ ಕೊಟ್ಟರೆ ಜಗಳ ನಿಲ್ಲುತ್ತದೆಯೇ? ಗುಂಡಿ ಹಾಗೇ ಉಳಿಯಿತು, ನಡುವಿನ ಸೀಟಿನವರಿಗೆ ಮಾತ್ರ ಕಿವಿ ಚುಚ್ಚತೊಡಗಿತು.

ಖಾತ್ರಿಗೆ ಒಂದು ವೂಫರಿನ ವೈರ್ ಬಿಚ್ಚಿ, ಅದರ ಟರ್ಮಿನಲ್‌ಗಳನ್ನು ಶಾರ್ಟ್ ಮಾಡಿ ಅಳೆದೆ. (ಶಾರ್ಟ್ ಮಾಡದಿದ್ದರೆ ಅದು ಪೆಟ್ಟಿಗೆಯ ಗಾಳಿಗೆ ತಾನೇ ಕುಣಿದು ಬೇರೆ ಕತೆ ಹೇಳುತ್ತದೆ. ವೈರ್ ಬಿಚ್ಚಿದ್ದು ಸ್ಪೀಕರ್ ಕಡೆ, ಆಂಪ್ ಕಡೆಯದನ್ನು ಶಾರ್ಟ್ ಮಾಡಬೇಡಿ ಅಂತ ಹೇಳಬೇಕಿಲ್ಲ ಅಲ್ವಾ.) ಗುಂಡಿ ಮಾಯ. ಹಾಗಿದ್ದರೆ ದಾರಿ ಎರಡೂವರೆ ವೇ: ಒಂದು ವೂಫರ್ ಟ್ವೀಟರ್ ತನಕ ಹಾಡಲಿ, ಇನ್ನೊಂದು 500 ಹರ್ಟ್ಸ್‌ಗೇ ಬಾಯಿ ಮುಚ್ಚಲಿ. 8 ಓಮ್ ವೂಫರಿಗೆ 2.5 ಮಿಲಿಹೆನ್ರಿ ಇಂಡಕ್ಟರ್ (ಮೇಲಿನ ದನಿ ತಡೆಯುವ ತಂತಿಯ ಸುರುಳಿ) ಸರಣಿಯಲ್ಲಿ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಲೆಕ್ಕ ಸರಿಹೋಗುತ್ತದೆ, ಅಂಗಡಿಯವರು ಹೋಗಬೇಕಲ್ಲ. ತರಿಸಿದ ಇಂಡಕ್ಟರಿನ ಚೀಟಿಯಲ್ಲಿ 2.5, ಮೀಟರಿನಲ್ಲಿ 1.6. ಕೇಳಿದರೆ "ನಿಮ್ಮ ಮೀಟರ್ ಹಾಳಾಗಿರಬೇಕು" ಅಂದರು. ಬದಲಿಗೆ ಕಳಿಸಿದ್ದರಲ್ಲಿ ತಂತಿ ಎಷ್ಟು ತೆಳು ಅಂದರೆ ಅದರ ರೆಸಿಸ್ಟೆನ್ಸೇ 1.4 ಓಮ್, 8 ಓಮ್ ವೂಫರಿಗೆ ಅದು ಜಾಸ್ತಿ. ಕೊನೆಗೆ ಬೇರೆ ಕಡೆಯಿಂದ ದಪ್ಪ ತಂತಿಯ 3.3 ತರಿಸಿ, ಎಲ್‌ಸಿಆರ್ ಮೀಟರ್ (ಇಂಡಕ್ಟರ್ ಅಳೆಯುವುದು) ಹಚ್ಚಿಕೊಂಡೇ ಒಂದೊಂದು ಸುತ್ತು ಬಿಚ್ಚುತ್ತಾ 2.5ಕ್ಕೆ ಇಳಿಸಿದೆ. ಚೀಟಿ ನಂಬುವುದಕ್ಕಿಂತ ಇದು ನೆಮ್ಮದಿಯ ಕೆಲಸ. ಉಳಿದ ತಂತಿಯನ್ನು ಎಸೆಯಬೇಡಿ.

ಬೆಸುಗೆ ಹಾಕಿ ಅಳೆದೆ. ಗುಂಡಿ ಹೆಚ್ಚುಕಡಿಮೆ ಹೋಗಿತ್ತು. ಅದರ ಜಾಗದಲ್ಲಿ 2 ಕಿಲೋಹರ್ಟ್ಸ್ ಮೇಲೆ ಹೊಸ ಗುಡ್ಡ, 3ರಿಂದ 4 ಡಿಬಿ. ಪಿಸುಮಾತೂ ಗದರಿಕೆ ಅನ್ನಿಸುವಷ್ಟು. ಈ ಗುಡ್ಡ ಬಹಳ ಸತಾಯಿಸಿತು. ಟ್ವೀಟರ್ ಮೇಲೆ ಅನುಮಾನ, ಮೈಕ್ ಮೇಲೆ ಅನುಮಾನ, ಕೊನೆಗೆ ಗ್ರಿಲ್ ಮೇಲೂ. ಎಲ್ಲವನ್ನೂ ಬಿಟ್ಟು, ವೂಫರ್ ಟ್ವೀಟರುಗಳಿಗೆ ದನಿ ಹಂಚುವ ಕ್ರಾಸ್‌ಓವರಿನ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಕೊಂಡಾಗ ಕಂಡಿತು.

ಕಾರ್ಖಾನೆಯ ಕ್ರಾಸ್‌ಓವರಿನಲ್ಲಿ ಎರಡೂ ವೂಫರುಗಳಿಗೆ ಒಂದೇ ಲೋಪಾಸ್ (ಮೇಲಿನ ದನಿ ತಡೆಯುವ ಫಿಲ್ಟರ್): 0.36 ಮಿಲಿಹೆನ್ರಿ, 11 ಮೈಕ್ರೋಫ್ಯಾರಡ್. ಅದು ನಿಂತಿರುವುದು 4 ಓಮ್ ಲೋಡ್ ಮೇಲೆ, ಅಂದರೆ ಎರಡು 8 ಓಮ್ ಪ್ಯಾರಲಲ್ ಆಗಿ. ಈಗ 500ರ ಮೇಲೆ ಒಂದು ವೂಫರ್ ಜಾಗ ಖಾಲಿ ಮಾಡಿದೆ. ಫಿಲ್ಟರಿಗೆ ಕಾಣುವುದು 8 ಓಮ್. ಲೋಡ್ ಎರಡು ಪಟ್ಟಾದರೆ ಅದರ ಕ್ಯೂ (ಕತ್ತರಿಸುವ ಜಾಗದಲ್ಲಿ ದನಿ ಎಷ್ಟು ಉಬ್ಬುತ್ತದೆ ಅನ್ನುವ ಅಂಕಿ) 0.7ರಿಂದ 1.4ಕ್ಕೆ ಏರುತ್ತದೆ, ಗೆರೆ ಬಾಗುವ ಮಂಡಿಯ ಹತ್ತಿರ ಗುಡ್ಡ ಎದ್ದು ನಿಲ್ಲುತ್ತದೆ. ಎರಡೂವರೆ ವೇ ಮಾಡಲು "ಒಂದು ಕಾಯಿಲ್ ಸೇರಿಸಿ ಸಾಕು" ಅನ್ನುವವರು ಈ ಮಾತನ್ನು ಹೇಳುವುದೇ ಇಲ್ಲ.

ಮದ್ದು: ಎರಡು ವೂಫರುಗಳ ದಾರಿಯನ್ನೇ ಪೂರ್ತಿ ಬೇರೆ ಮಾಡುವುದು. ಮುಖ್ಯ ವೂಫರಿಗೆ ಅದರದೇ ಫಿಲ್ಟರ್, 0.72 ಮಿಲಿಹೆನ್ರಿ ಮತ್ತು 5.6 ಮೈಕ್ರೋಫ್ಯಾರಡ್. ಮೊದಲಿದ್ದದ್ದಕ್ಕೆ ಒಂದು ಎರಡು ಪಟ್ಟು, ಇನ್ನೊಂದು ಸುಮಾರು ಅರ್ಧ. ಇನ್ನೊಂದು ವೂಫರಿಗೆ ನೇರ ಇನ್‌ಪುಟ್‌ನಿಂದ 2.5 ಮಿಲಿಹೆನ್ರಿ. ಆ ವೂಫರಿಗೆ ಅಡ್ಡಲಾಗಿ 8.2 ಓಮ್, 10 ಮೈಕ್ರೋಫ್ಯಾರಡಿನ ಜೋಬೆಲ್, ಮೇಲಿನ ದನಿಯಲ್ಲಿ ವೂಫರಿನ ಓಮ್ ಏರದ ಹಾಗೆ ಹಿಡಿಯುವ ಜೋಡಿ. ಜೋಬೆಲ್ ಇಲ್ಲದೆ ಅಂಚಿನ ಸೀಟಿನಲ್ಲಿ 4 ಡಿಬಿ ತಗ್ಗು ಉಳಿದಿತ್ತು, ಹಾಕಿದ ಮೇಲೆ 2.

ಮಧ್ಯದಲ್ಲಿ ಒಂದೇ ವೂಫರ್ ಹಾಡುವುದರಿಂದ ಅಲ್ಲಿ ಸುಮಾರು 5 ಡಿಬಿ ಕಡಿಮೆಯಾಯಿತು. ಟ್ವೀಟರನ್ನೂ ಅಷ್ಟೇ ಇಳಿಸಬೇಕು. ಅದರ ಫಿಲ್ಟರ್ ಆದ ಮೇಲೆ 3.3 ಓಮ್ ರೆಸಿಸ್ಟರ್ ಸರಣಿಯಲ್ಲಿ, 10 ಓಮ್ ಅಡ್ಡಕ್ಕೆ. ಆಂಪ್ ಈಗ ಅಷ್ಟೇ ಸದ್ದಿಗೆ ಜಾಸ್ತಿ ಪವರ್ ಕೊಡಬೇಕು. ನನ್ನ ರೂಮಿಗೆ ಅದೇನೂ ಭಾರವಲ್ಲ. ರಿಸೀವರಿನ ಸೆಂಟರ್ ಟ್ರಿಮ್ (ಲೆವೆಲ್) ಮೈನಸ್ 1ರಿಂದ ಪ್ಲಸ್ 4ಕ್ಕೆ ಹೋಯಿತು.

ಮಧ್ಯೆ ಒಂದು ಮಾತು, ತಡೆದುಕೊಳ್ಳಲು ಆಗುತ್ತಿಲ್ಲ. ಮುಂದಿನ ಡಬ್ಬ ನಾನೇ ಕಟ್ಟುತ್ತೇನೆ. ಎರಡು ತುದಿಗೆ ವೂಫರ್, ನಡುವೆ 4 ಇಂಚಿನ ಮಿಡ್ (ಮಧ್ಯದ ದನಿಯದು), ಅದರ ನೆತ್ತಿಯ ಮೇಲೆಯೇ ಟ್ವೀಟರ್. ಮಿಡ್ ಮತ್ತು ಟ್ವೀಟರ್ ನಿಂತಿರುತ್ತವೆ, ಹಾಗಾಗಿ ಎಡಬಲದ ಜಗಳವೇ ಇಲ್ಲ. ವೂಫರುಗಳನ್ನು 350ಕ್ಕೇ ಕತ್ತರಿಸಿದರೆ ಅಲ್ಲಿ ತರಂಗ ಸುಮಾರು ಒಂದು ಮೀಟರ್, 40 ಸೆಂ.ಮೀ. ಅಂತರವೂ ತೊಂದರೆ ಕೊಡುವುದಿಲ್ಲ. 18 ಮಿ.ಮೀ. ಪ್ಲೈವುಡ್, ಮಿಡ್‌ಗೆ ಒಳಗೆ ಬೇರೆ ಮುಚ್ಚಿದ ಕೋಣೆ. ಆ ಕೋಣೆಯ ಹಿಂಗೋಡೆ ಓರೆಯಾಗಿರಬೇಕೋ ಬೇಡವೋ ಅಂತ ಈಗಲೇ ನಿದ್ದೆ ಕೆಡುತ್ತಿದೆ. ಅದಕ್ಕಿಂತ ದೊಡ್ಡ ಆಸೆ ಪ್ರೊಜೆಕ್ಟರ್ ಮತ್ತು ದನಿ ಹಾಯುವ ಸ್ಕ್ರೀನ್. ಸೆಂಟರನ್ನು ಸ್ಕ್ರೀನಿನ ಹಿಂದೆ ಎಡಬಲದ್ದರ ಹಾಗೆಯೇ ನಿಲ್ಲಿಸಿಬಿಡಬಹುದು, ಮಲಗಿಸುವ ಪ್ರಶ್ನೆಯೇ ಬರುವುದಿಲ್ಲ. ಆ ಆಸೆಯನ್ನು ಮನೆಯಲ್ಲಿ ಇನ್ನೂ ಜೋರಾಗಿ ಹೇಳಿಲ್ಲ.

ವಾಪಸ್ ಬರೋಣ. ಈಗ ಉಳಿದದ್ದು ಬೇಸ್. 500ರ ಕೆಳಗೆ ಎರಡೂ ವೂಫರ್ ಹಾಡುತ್ತವೆ, ಮೇಲೆ ಒಂದೇ. ಹಾಗಾಗಿ ಕೆಳಗಿನ ಭಾಗ 5 ಡಿಬಿ ಹೆಚ್ಚು ಕಾಣುತ್ತದೆ. ಬಯಲಲ್ಲಿ ಸ್ಟ್ಯಾಂಡ್ ಮೇಲೆ ನಿಂತ ಸ್ಪೀಕರಿಗೆ ಇದು ಬೇಕಾದ್ದೇ. ಗೂಡಿನಲ್ಲಿ ಕೂತದ್ದಕ್ಕೆ ಗೂಡೇ ಬೇಸ್ ಕೊಡುತ್ತಿದೆ, ಮೇಲೆ ಇದೂ ಸೇರಿದರೆ ಗಂಡಸರೆಲ್ಲ ಶೀತ ಆದವರು. ಇಲ್ಲಿ ಮಾತ್ರ ಈಕ್ವಲೈಜರ್ ಕೆಲಸಕ್ಕೆ ಬಂತು. ಎಲ್ಲ ಸೀಟಿನಲ್ಲೂ ಒಂದೇ ಥರ ಇರುವ ಗುಡ್ಡವನ್ನು ಕೊರೆಯಬಹುದು, ಒಂದೇ ಸೀಟಿನ ಗುಂಡಿಯನ್ನು ತುಂಬಲು ಆಗುವುದಿಲ್ಲ. 120ರಿಂದ 400ರ ತನಕ ಅಗಲವಾದ ಒಂದು ಕಟ್, 160ರಲ್ಲಿ ಸಣ್ಣದೊಂದು. ಆಟೋ ಕ್ಯಾಲಿಬ್ರೇಶನ್‌ಗೆ 500ರ ಮೇಲೆ ಕೈ ಹಾಕಬೇಡ ಅಂತ ಮಿತಿ ಹಾಕಿದೆ. ಮಧ್ಯದ ದನಿ ನಾನು ಬೆಸುಗೆ ಹಾಕಿದ್ದು, ಅದು ಹಾಗೇ ಇರಲಿ.

ಕೊನೆಯದೊಂದು ಆಟ. ಮುಖ್ಯ ವೂಫರ್ ಎಡಕ್ಕಿರಬೇಕೋ ಬಲಕ್ಕೋ? ಟ್ವೀಟರಿನ ಒಂದೇ ಪಕ್ಕಕ್ಕೆ ಅದು ಇರುವುದರಿಂದ 2.5 ಕಿಲೋಹರ್ಟ್ಸ್ ಸುತ್ತ ಎರಡು ಕಡೆಯ ದನಿ ಒಂದೇ ಥರ ಇರುವುದಿಲ್ಲ. ಡಬ್ಬವನ್ನು ತಲೆಕೆಳಗು ಮಾಡಿ ಎರಡೂ ಥರ ಅಳೆದೆ. ಜನ ಜಾಸ್ತಿ ಕೂರುವ ಕಡೆಗೆ ಒಳ್ಳೆಯ ಗೆರೆ ಬರುವ ಹಾಗೆ ಇಟ್ಟೆ. ಈಗ ಕಂಪನಿಯ ಲೋಗೋ ತಲೆಕೆಳಗಾಗಿದೆ. ಗ್ರಿಲ್ ಮೇಲಿಂದ ಅದನ್ನು ಕಿತ್ತು ತಿರುಗಿಸಿ ಅಂಟಿಸಬೇಕು. 180 ಹರ್ಟ್ಸ್‌ಗೆ ಆ ಗ್ರಿಲ್ ಸಣ್ಣಗೆ ಗುರ್ ಅನ್ನುತ್ತಿದೆ, ಗೂಟಗಳಿಗೆ ಫೆಲ್ಟ್ ಸುತ್ತಿದರೆ ನಿಲ್ಲಬಹುದು. ಆ 1.6 ಮಿಲಿಹೆನ್ರಿ ಇಂಡಕ್ಟರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ಮಿಡ್ ಇರುವ ಹೊಸ ಡಬ್ಬದಲ್ಲಿ ಎಲ್ಲಿ ತೂರಿಸಬಹುದು ಅಂತ ಸಿಮ್ಯುಲೇಶನ್ ಓಡುತ್ತಿದೆ.