ಲಿಂಕ್ ಬಂತು, ಟ್ರಾಫಿಕ್ ಬರಲಿಲ್ಲ

ಹಿಂಜವಡಿಯಲ್ಲಿ ರಾತ್ರಿ ಪಾಳಿ. ಹೊರಗೆ ಪುಣೆಯ ಜುಲೈ ಮಳೆ. ನಮ್ಮ ಜಾಲವನ್ನು ಹೊರಗಿನ ಜಾಲಕ್ಕೆ ಸೇರಿಸುವ ಎರಡು ಗಡಿ ರೌಟರುಗಳಲ್ಲಿ ಎರಡನೆಯದರ ಲಿಂಕ್ ಹತ್ತು ನಿಮಿಷ ಬಿದ್ದು ಮತ್ತೆ ಎದ್ದಿತು. ಹೊರಗಿನ ಜಾಲಗಳ ಜೊತೆ ರೂಟುಗಳನ್ನು, ಅಂದರೆ ದಾರಿಗಳನ್ನು, ಹಂಚಿಕೊಳ್ಳುವ ಪ್ರೋಟೋಕಾಲ್ ಬಿಜಿಪಿ. ಅದರ ಸೆಷನ್ ಸರಿಯಾಗಿತ್ತು. ಆದರೂ ಟ್ರಾಫಿಕ್ ಎಲ್ಲ ಮೊದಲನೇ ರೌಟರಿನ ಕಡೆಗೇ ಹೋಗುತ್ತಿತ್ತು.

ಒಂದೇ ಜಾಗಕ್ಕೆ ಎರಡು ಪ್ರೋಟೋಕಾಲ್ ದಾರಿ ಹೇಳಿದರೆ ಯಾವುದನ್ನು ನಂಬಬೇಕು ಎಂದು ರೌಟರ್ ನೋಡುವ ಅಂಕಿ ಡಿಸ್ಟೆನ್ಸ್. ಸಿಸ್ಕೋ ರೌಟರಿನಲ್ಲಿ ಅದು ಹೊರಗಿನ ಬಿಜಿಪಿಗೆ 20, ಜಾಲದೊಳಗಿನ ದಾರಿ ಹೇಳುವ ಓಎಸ್‌ಪಿಎಫ್‌ಗೆ 110. ಚಿಕ್ಕದೇ ಗೆಲ್ಲಬೇಕು ಅಲ್ವಾ? ಗೆಲ್ಲಲಿಲ್ಲ. ಒಂದು ಗಂಟೆ ಸುಮ್ನೆ ಲಿಂಕಿನವರನ್ನು ಬೈದುಕೊಂಡೆ.

ಬಿಜಿಪಿ ಟೇಬಲ್ ತೆರೆದರೆ ವೆಯ್ಟ್ 32768. ಬಿಜಿಪಿಯೊಳಗೆ ರೂಟು ಆರಿಸುವಾಗ ಮೊದಲು ನೋಡುವ ಅಂಕಿ ಇದು, ಇಲ್ಲಿ ದೊಡ್ಡದೇ ಗೆಲ್ಲುತ್ತದೆ. ಅಂದರೆ ಆ ರೂಟು ತನ್ನದೇ ಎಂದು ರೌಟರ್ ನಂಬಿಬಿಟ್ಟಿತ್ತು! ಲಿಂಕ್ ಬಿದ್ದಾಗ, ಮೊದಲನೇ ರೌಟರ್ ಓಎಸ್‌ಪಿಎಫ್‌ಗೆ ಹಾಕಿದ್ದ ರೂಟನ್ನೇ ಇದು ಕಲಿತು, ವಾಪಸ್ ಬಿಜಿಪಿಗೆ ಸುರಿದಿತ್ತು. ಹೊರಗಿಂದ ಬಂದ ರೂಟಿನ ವೆಯ್ಟ್ ಸೊನ್ನೆ. ಅದು ಟೇಬಲ್ಲಿನೊಳಗೇ ಸೋತಿತ್ತು. 20ಕ್ಕೂ 110ಕ್ಕೂ ಪಂದ್ಯ ನಡೆಯಲೇ ಇಲ್ಲ.

ಓಎಸ್‌ಪಿಎಫ್‌ನ ಎಕ್ಸ್‌ಟರ್ನಲ್ (ಬೇರೆ ಕಡೆಯಿಂದ ತಂದು ಹಾಕಿದ) ರೂಟುಗಳು ತಾವಾಗಿ ಬಿಜಿಪಿಗೆ ಹೋಗುವುದಿಲ್ಲ. ಯಾರೋ ಅವನ್ನೂ ಬಿಡುವ 'ಮ್ಯಾಚ್ ಎಕ್ಸ್‌ಟರ್ನಲ್' ಎಂಬ ಆಜ್ಞೆ ಸೇರಿಸಿದ್ದರು. ಯಾರೋ ಏನು, ನಾನೇ, ಮಾರ್ಚ್‌ನಲ್ಲಿ.

ಓಎಸ್‌ಪಿಎಫ್‌ಗೆ ಹೋಗುವಾಗ ರೂಟಿಗೆ ಟ್ಯಾಗ್ (ಗುರುತಿನ ಸಂಖ್ಯೆ) 100 ಹಾಕಿದೆ, ಬಿಜಿಪಿಗೆ ವಾಪಸಾಗುವಾಗ ಆ ಟ್ಯಾಗ್‌ಗೆ ತಡೆ. ಎರಡೂ ರೌಟರಿನಲ್ಲಿ. ಟ್ರಾಫಿಕ್ ತಿರುಗಿತು.

ಬೆಳಗ್ಗೆ ವಾಕಡ್‌ನಲ್ಲಿ ಇಡ್ಲಿ ತಿನ್ನುವಾಗ ಧಾರವಾಡದಿಂದ ಅವ್ವನ ಫೋನು. "ರಾತ್ರಿ ಯಾಕ ಫೋನ್ ಎತ್ತಲಿಲ್ಲ?" "ನಾನೇ ಹಾಕಿದ ಗಂಟು ಬಿಚ್ಚಾಕತ್ತಿದ್ದೆ ಅವ್ವಾ" ಅಂದೆ.