ಕೀಪರ್‌ಗಳ ಪರ ನಿಂತ ಗೆಳೆಯ

ಗೋಲು ಬಿದ್ದ ತಕ್ಷಣ ಎಲ್ಲರೂ ಹೊಡೆದವನ ಕಡೆ ನೋಡುತ್ತಾರೆ. ಕ್ಯಾಮೆರಾ ಕೂಡ ಅವನ ಹಿಂದೆಯೇ ಓಡುತ್ತದೆ. ನನ್ನ ಗೆಳೆಯ ಮಾತ್ರ ಬಲೆಯೊಳಗಿಂದ ಚೆಂಡು ಎತ್ತಿಕೊಳ್ಳುತ್ತಿರುವ ಕೀಪರ್‌ನನ್ನು ಹುಡುಕುತ್ತಿದ್ದ. "ಅವನ ಮುಖ ಒಂದ್ಸಲ ತೋರಿಸ್ರಪ್ಪಾ" ಎಂದು ಟಿವಿ ಜೊತೆ ಮಾತಾಡುತ್ತಿದ್ದ. ಅವನು ತೀರಿಕೊಂಡಿದ್ದು 2019ರಲ್ಲಿ. ಅವನ ಬಗ್ಗೆ ಬರೆಯಬೇಕು ಅಂತ ಅಂದಿನಿಂದಲೂ ಅಂದುಕೊಳ್ಳುತ್ತಲೇ ಇದ್ದೆ.

ನಮ್ಮ ಪರಿಚಯ ಆಗಿದ್ದು 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ದಿನ, ಇಟಲಿ-ಫ್ರಾನ್ಸ್ ಪಂದ್ಯ. ಗೊತ್ತಿದ್ದವರೊಬ್ಬರ ಮನೆಯಲ್ಲಿ ತುಂಬಾ ಜನ ಸೇರಿದ್ದೆವು. ಬಹುತೇಕ ಎಲ್ಲರೂ ಬಂದಿದ್ದು ಫ್ರಾನ್ಸ್‌ನ ಜಿದಾನ್‌ಗಾಗಿ, ಅವನಿಗೆ ಅದು ಕೊನೆಯ ಪಂದ್ಯ. ನಾನಂತೂ ಮೊದಲಿನಿಂದಲೂ ಫ್ರಾನ್ಸ್ ಕಡೆಯವನು. ಇಡೀ ಕೋಣೆಯಲ್ಲಿ ಇವನೊಬ್ಬ ಇಟಲಿ ಪರ. ಯಾಕೆ ಅಂತ ಕೇಳಿದರೆ, "ಬುಫಾನ್ ಇದ್ದಾನಲ್ಲ" ಅಂದ. ಬುಫಾನ್ ಇಟಲಿಯ ಕೀಪರ್. ಆ ಟೂರ್ನಿಯಲ್ಲಿ ಅವನು ಬಿಟ್ಟಿದ್ದು ಎರಡೇ ಗೋಲು. ಒಂದು ತನ್ನದೇ ತಂಡದ ಜಕ್ಕಾರ್ಡೊ ಕಾಲಿಗೆ ತಾಗಿ ಹೋದ ಸೆಲ್ಫ್ ಗೋಲ್. ಇನ್ನೊಂದು ಫೈನಲ್‌ನ 7ನೇ ನಿಮಿಷದಲ್ಲಿ ಜಿದಾನ್ ಹೊಡೆದ ಪೆನಾಲ್ಟಿ. ಕ್ರಾಸ್‌ಬಾರ್‌ನ ಕೆಳಭಾಗಕ್ಕೆ ಬಡಿದು, ಗೆರೆಯ ಆಚೆ ಬಿದ್ದು, ಮತ್ತೆ ಹೊರಗೆ ಪುಟಿದ ಚೆಂಡು ಅದು.

ಆ ಪಂದ್ಯ ಅಂದರೆ ಎಲ್ಲರೂ ಹೆಚ್ಚುವರಿ ಸಮಯದಲ್ಲಿ, 110ನೇ ನಿಮಿಷದಲ್ಲಿ ಆಗಿದ್ದರ ಮಾತೇ ಆಡುತ್ತಾರೆ. ಜಿದಾನ್ ಇಟಲಿಯ ಮಟೆರಾಜಿ ಎದೆಗೆ ತಲೆಯಿಂದ ಗುದ್ದಿದ, ಕೆಂಪು ಕಾರ್ಡ್ ಬಿತ್ತು. ನನ್ನ ಗೆಳೆಯ ಹೇಳುತ್ತಿದ್ದಿದ್ದು 104ನೇ ನಿಮಿಷದ ಕಥೆ. ಬಲಗಡೆಯಿಂದ ಫ್ರಾನ್ಸ್‌ನ ಸನ್ಯೋಲ್ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ. ಜಿದಾನ್ ಹತ್ತಿರ ಯಾರೂ ಇಲ್ಲ. ಓಡಿ ಬಂದು ಜೋರಾಗಿ ಹೆಡರ್ ಕೊಡುತ್ತಾನೆ. ಚೆಂಡು ಸೀದಾ ಬಾರ್ ಕೆಳಗೆ ಹೋಗುತ್ತಿದೆ. ಬುಫಾನ್ ನೆಗೆದು ಒಂದೇ ಕೈಯಲ್ಲಿ ಅದನ್ನು ಬಾರ್ ಮೇಲಿಂದ ಆಚೆ ತಳ್ಳುತ್ತಾನೆ. ಜಿದಾನ್ ಬಾಯಿ ತೆರೆದು ಕೂಗುತ್ತಾನೆ. "ಅದು ಒಳಗೆ ಹೋಗಿದ್ದರೆ ಆರು ನಿಮಿಷ ಬಿಟ್ಟು ಆ ಗುದ್ದು ಇರ್ತಿತ್ತಾ, ಹೇಳಿ ನೋಡೋಣ" ಎಂದು ಅವತ್ತೇ, ಹೆಸರು ಕೂಡ ಗೊತ್ತಿಲ್ಲದ ನನ್ನನ್ನು ಕೇಳಿದ್ದ. ಆಗ ಇನ್ನೂ 'ನೀವು' ಅನ್ನುತ್ತಿದ್ದೆವು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಅಂದಿನಿಂದ ನನಗೂ ಆ ಪಂದ್ಯ ಅಂದರೆ ಮೊದಲು ಕಾಣುವುದು ಆ ಕೈ.

ಪಂದ್ಯ ಸಮವಾಗಿ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅಲ್ಲಿ ಫ್ರಾನ್ಸ್‌ನ ಟ್ರೆಜೆಗೆ ಹೊಡೆದ ಚೆಂಡೂ ಬಾರ್‌ಗೇ ಬಡಿಯಿತು, ಆದರೆ ಗೆರೆಯ ಈಚೆ ಬಿತ್ತು. ಟ್ರೆಜೆಗೆ, ಬುಫಾನ್ ಇಬ್ಬರೂ ಆಗ ಯುವೆಂಟಸ್ ಕ್ಲಬ್‌ನಲ್ಲಿ ಒಟ್ಟಿಗೆ ಆಡುತ್ತಿದ್ದವರು. 5-3ರಲ್ಲಿ ಇಟಲಿ ಗೆದ್ದಾಗ ಇವನು ಕುಣಿಯುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಫ್ರಾನ್ಸ್‌ನ ಕೀಪರ್ ಬಾರ್ತೆಜ್‌ನನ್ನು ನೋಡಿ, "ಪಾಪ, ಐದೂ ಹೋಯ್ತು" ಅಂದ. ನನಗೆ ಅವನು ಹಿಡಿಸಿದ್ದೇ ಆ ಮಾತಿಗೆ.

ಆಮೇಲಿನ ವರ್ಷಗಳಲ್ಲಿ ನಾವು ಮಾತಾಡಿದ್ದು ಬರೀ ಫುಟ್‌ಬಾಲ್. ಸಂಬಳ, ಕೆಲಸ, ಮನೆ ವಿಷಯ ಹೆಚ್ಚು ಬರುತ್ತಲೇ ಇರಲಿಲ್ಲ. ಹಾಗಂತ ನಮ್ಮದು ಮೇಲುಮೇಲಿನ ಸ್ನೇಹ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದು ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಬಾರ್ಬೋಸಾ ವಿಷಯ ಶುರು ಮಾಡಿದ. 1950ರಲ್ಲಿ ಬ್ರೆಜಿಲ್‌ನ ಕೀಪರ್. ಆ ವಿಶ್ವಕಪ್‌ನ ಕೊನೆಯ ಪಂದ್ಯ, ಮರಕಾನಾ ಕ್ರೀಡಾಂಗಣದಲ್ಲಿ. ಉರುಗ್ವೆ ವಿರುದ್ಧ ಡ್ರಾ ಆಗಿದ್ದರೂ ಬ್ರೆಜಿಲ್‌ಗೆ ಕಪ್ ಸಿಗುತ್ತಿತ್ತು. 79ನೇ ನಿಮಿಷದಲ್ಲಿ ಉರುಗ್ವೆಯ ಗಿಜಿಯಾ ಬಲಗಡೆಯಿಂದ ನುಗ್ಗಿದ. ಕ್ರಾಸ್ ಬರುತ್ತದೆ ಅಂತ ಬಾರ್ಬೋಸಾ ಸ್ವಲ್ಪ ಪಕ್ಕಕ್ಕೆ ಸರಿದ. ಗಿಜಿಯಾ ಕ್ರಾಸ್ ಹಾಕಲಿಲ್ಲ, ಹತ್ತಿರದ ಕಂಬದ ಪಕ್ಕದಲ್ಲೇ ತೂರಿಸಿದ. 2-1. ಬಾರ್ಬೋಸಾ 2000ದಲ್ಲಿ ಸಾಯುವವರೆಗೂ ಜನ ಅವನನ್ನು ಬಿಡಲಿಲ್ಲ. "ಒಂದು ಹೆಜ್ಜೆ ಕಣೋ. ಐವತ್ತು ವರ್ಷ" ಅಂತ ಮತ್ತೆಮತ್ತೆ ಹೇಳಿದ. ಸುಮ್ನೆ ಕೇಳಿಸಿಕೊಂಡೆ. ಅವತ್ತು ಅವನ ಕೆಲಸ ಹೋಗಿತ್ತು ಅಂತ ಗೊತ್ತಾಗಿದ್ದು ಬಹಳ ದಿನಗಳ ಮೇಲೆ, ಅದೂ ಬೇರೆಯವರಿಂದ. ಕಷ್ಟ ಹೇಳಿಕೊಳ್ಳಲು ಅವನಿಗೆ ಗೊತ್ತಿದ್ದ ಭಾಷೆ ಅದು. ಕೇಳಿಸಿಕೊಳ್ಳಲು ನನಗೆ ಗೊತ್ತಿದ್ದ ಭಾಷೆಯೂ ಅದೇ.

2018ರಲ್ಲಿ ಫ್ರಾನ್ಸ್ ಕಪ್ ಗೆದ್ದಾಗ ಅವನ ಫೋನ್ ಬಂತು. ಶುಭಾಶಯ ಅಂತ ಒಂದು ಮಾತು ಹೇಳಿ ನೇರ ಲೊರಿಸ್ ವಿಷಯಕ್ಕೆ ಬಂದ. 4-1ರಲ್ಲಿ ಮುಂದಿದ್ದಾಗ ಫ್ರಾನ್ಸ್ ಕೀಪರ್ ಲೊರಿಸ್ ತನಗೆ ಬಂದ ಬ್ಯಾಕ್‌ಪಾಸನ್ನು ಒದೆಯದೆ ಎದುರಾಳಿ ಕ್ರೊಯೇಷಿಯಾದ ಮಾಂಜುಕಿಚ್‌ಗೆ ಚಳ್ಳೆಹಣ್ಣು ತಿನ್ನಿಸಲು ಹೋದ, ಮಾಂಜುಕಿಚ್ ಕಾಲು ಚಾಚಿ ಗೋಲು ಮಾಡಿಬಿಟ್ಟ. "ನಿಮ್ಮವರು ನಾಲ್ಕು ಹೊಡೆದಿದ್ದಕ್ಕೆ ಉಳಿದ. ಒಂದೇ ಹೊಡೆದಿದ್ದರೆ ಇನ್ನೊಬ್ಬ ಬಾರ್ಬೋಸಾ ಆಗ್ತಿದ್ದ, ಅಲ್ವಾ?" ಗೆದ್ದ ಖುಷಿಯಲ್ಲಿದ್ದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪೆನಾಲ್ಟಿಗಳದ್ದೇ ಲೆಕ್ಕ. ಪ್ರತಿ ಸಾಲಿನಲ್ಲಿ ಹೊಡೆದವನ ಹೆಸರು, ಚೆಂಡು ಹೋದ ದಿಕ್ಕಿಗೆ ನೀಲಿ ಬಾಣ, ಕೀಪರ್ ನೆಗೆದ ದಿಕ್ಕಿಗೆ ಕೆಂಪು ಬಾಣ. ಎರಡೂ ಬಾಣ ಒಂದೇ ಕಡೆ ಇದ್ದು ಗೋಲಾಗಿದ್ದರೆ ಪಕ್ಕದಲ್ಲಿ ಒಂದು ಚಿಕ್ಕ ಚುಕ್ಕಿ. "ಇವರು ಸರಿಯಾಗೇ ಊಹಿಸಿದ್ದರು. ಇದನ್ನು ಯಾರೂ ಲೆಕ್ಕ ಇಡಲ್ಲ" ಅನ್ನುತ್ತಿದ್ದ. ಹನ್ನೊಂದು ಮೀಟರ್ ದೂರದಿಂದ ಬರುವ ಚೆಂಡಿಗೆ 7.32 ಮೀಟರ್ ಅಗಲದ ಗೋಲನ್ನು ಒಬ್ಬನೇ ಕಾಯಬೇಕು. ಹೊಡೆದ ಮೇಲೆ ನೋಡಿ ನೆಗೆಯಲು ಸಮಯವೇ ಇರುವುದಿಲ್ಲ. ಆ ಚುಕ್ಕಿಗಳು ಅವನಿಗೆ ಎಷ್ಟು ಮುಖ್ಯ ಅಂತ ಪುಟ ತಿರುಗಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

2019ರಲ್ಲಿ ಕಾಯಿಲೆ ಜಾಸ್ತಿಯಾಗಿ ಆಸ್ಪತ್ರೆ ಸೇರಿದ. ಅದೇ ಜೂನ್‌ನಲ್ಲಿ ಪೆನಾಲ್ಟಿ ನಿಯಮ ಬದಲಾಯಿತು. ಚೆಂಡು ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗ ಗೋಲು ಗೆರೆಯ ಮೇಲಿದ್ದರೆ ಸಾಕು. ಫೋನಿನಲ್ಲಿ ಓದಿ ಹೇಳಿದೆ. ಎಷ್ಟು ಖುಷಿಪಟ್ಟ! ಆ ಖುಷಿ ಮಹಿಳಾ ವಿಶ್ವಕಪ್‌ನಲ್ಲಿ ಫ್ರಾನ್ಸ್-ನೈಜೀರಿಯಾ ಪಂದ್ಯದವರೆಗೆ ಮಾತ್ರ. ಫ್ರಾನ್ಸ್‌ನ ರೆನಾರ್ ಹೊಡೆದ ಪೆನಾಲ್ಟಿ ಕಂಬಕ್ಕೆ ಬಡಿದು ಹೊರಗೆ ಬಂತು. ನೈಜೀರಿಯಾದ ಕೀಪರ್ ನ್ನಾಡೋಜಿ ಅದನ್ನು ಮುಟ್ಟಿಯೂ ಇರಲಿಲ್ಲ. ಆದರೆ ಅವಳು ಮೊದಲೇ ಗೆರೆ ಬಿಟ್ಟಿದ್ದಾಳೆ ಅಂತ ವಿಎಆರ್ (ರೆಫರಿಗೆ ನೆರವಾಗುವ ವಿಡಿಯೊ ಪರಿಶೀಲನೆ) ನೋಡಿ ಮತ್ತೆ ಹೊಡೆಸಿದರು. ಅವಳಿಗೆ ಹಳದಿ ಕಾರ್ಡ್ ಕೂಡ. ಎರಡನೇ ಸಲ ಗೋಲಾಯಿತು, ಫ್ರಾನ್ಸ್ 1-0ಯಲ್ಲಿ ಗೆದ್ದಿತು.

ನಿಯಮ ಅಂದರೆ ನಿಯಮ ಅಂತ ನಾನು. ಅವನು ಮಲಗಿದ್ದಲ್ಲಿಂದಲೇ ಎದ್ದು ಕೂತ. "ಅವಳು ಮುಂದೆ ಬಂದಿದ್ದಕ್ಕೆ ಚೆಂಡು ಕಂಬಕ್ಕೆ ಹೋಯ್ತಾ? ಹೊಡೆದವಳು ತಪ್ಪಿದಳು. ಶಿಕ್ಷೆ ಯಾಕೆ ಈ ಮಗುವಿಗೆ?" ನ್ನಾಡೋಜಿಗೆ ಆಗ 18 ವರ್ಷ. ನರ್ಸ್ ಬಂದು ಮೆಲ್ಲಗೆ ಮಾತಾಡಿ ಅಂದರು. ಮೆಲ್ಲಗೆ ಜಗಳ ಮುಂದುವರಿಸಿದೆವು. ನಮ್ಮ ಕೊನೆಯ ದೊಡ್ಡ ಜಗಳ ಅದು. ಅವನ ದನಿ ಆ ಮಟ್ಟಕ್ಕೆ ಏರಿದ್ದನ್ನು ಆಮೇಲೆ ನಾನು ಕೇಳಲಿಲ್ಲ.

ಅವನು ಹೋದ ಮೇಲೆ ಮನೆಗೆ ಹೋದಾಗ ಅವನ ಮಗಳು ಬಾಗಿಲು ತೆಗೆದು, "ನೀವು ಫ್ರಾನ್ಸ್ ಅಂಕಲ್ ಅಲ್ವಾ?" ಅಂದಳು. ಮನೆಯಲ್ಲಿ ನನ್ನ ಹೆಸರೇ ಅದಂತೆ. ಅವಳು ಮೊದಲು ಫುಟ್‌ಬಾಲ್ ನೋಡುತ್ತಿರಲಿಲ್ಲ, ಆಮೇಲೆ ಶುರು ಮಾಡಿದಳು. 2021ರಲ್ಲಿ ಇಟಲಿ ಇಂಗ್ಲೆಂಡ್ ವಿರುದ್ಧ ಯೂರೋ ಕಪ್ ಫೈನಲ್ ಆಡಿದಾಗ ಇಬ್ಬರೂ ಮೆಸೇಜ್ ಮಾಡುತ್ತಾ ನೋಡಿದೆವು. ಇಂಗ್ಲೆಂಡ್‌ನ ಸಾಕಾ ಹೊಡೆದ ಕೊನೆಯ ಪೆನಾಲ್ಟಿ ತಡೆದ ಇಟಲಿ ಕೀಪರ್ ಡೊನ್ನರುಮ್ಮ ಏನೂ ಆಗದವನಂತೆ ನಡೆದು ಹೋದ. ಗೆದ್ದಿದ್ದು ತನಗೆ ಗೊತ್ತೇ ಆಗಲಿಲ್ಲ ಅಂತ ಅವನೇ ಆಮೇಲೆ ಹೇಳಿದ. ನಾನು ಅದರ ಬಗ್ಗೆ ಬರೆಯುವಷ್ಟರಲ್ಲಿ ಅವಳ ಮೆಸೇಜ್ ಬಂತು: "ಪಿಕ್‌ಫೋರ್ಡ್ ಎರಡು ಹಿಡಿದೂ ಸೋತ, ಅಂಕಲ್." ನಿಜ. ಇಂಗ್ಲೆಂಡ್ ಕೀಪರ್ ಪಿಕ್‌ಫೋರ್ಡ್ ಇಟಲಿಯ ಬೆಲೊಟ್ಟಿಯದನ್ನೂ ಜೋರ್ಜಿನ್ಯೊದನ್ನೂ ತಡೆದಿದ್ದ. ಮಗಳಿಗೆ ಇದನ್ನು ಯಾರೂ ಕೂತು ಕಲಿಸಿದ್ದಲ್ಲ.

ಅದಕ್ಕೂ ಒಂದು ವರ್ಷ ಮೊದಲು, 2020-21ರ ಹೊಸ ನಿಯಮಗಳು ಬಂದಿದ್ದವು. ಪೆನಾಲ್ಟಿ ಭಾಗವನ್ನು ಎರಡು ಸಲ ಓದಿದೆ. ಚೆಂಡು ಗುರಿ ತಪ್ಪಿದರೆ, ಅಥವಾ ಕೀಪರ್ ಮುಟ್ಟದೆ ಕಂಬಕ್ಕೋ ಬಾರ್‌ಗೋ ಬಡಿದು ವಾಪಸ್ ಬಂದರೆ, ಕೀಪರ್ ಗೆರೆ ಬಿಟ್ಟಿದ್ದರಿಂದ ಹೊಡೆಯುವವರಿಗೆ ಸ್ಪಷ್ಟವಾಗಿ ತೊಂದರೆಯಾಗಿದ್ದರೆ ಮಾತ್ರ ಅದು ತಪ್ಪು. ಮೊದಲ ಸಲಕ್ಕೆ ಹಳದಿ ಕಾರ್ಡೂ ಇಲ್ಲ, ಎಚ್ಚರಿಕೆ ಅಷ್ಟೇ. ಆಸ್ಪತ್ರೆಯ ಹಾಸಿಗೆ ಮೇಲೆ ಎದ್ದು ಕೂತು ಅವನು ವಾದಿಸಿದ್ದು ಹೆಚ್ಚುಕಮ್ಮಿ ಇದನ್ನೇ. ಆ ಸಾಲುಗಳನ್ನು ಅವನ ಮಗಳಿಗೆ ಕಳಿಸಿ, ನಮ್ಮ ಜಗಳದ ಕಥೆ ಪೂರ್ತಿ ಬರೆದು, ಗೆದ್ದವನು ನಿಮ್ಮಪ್ಪನೇ ಎಂದು ತಿಳಿಸಿದೆ.